ಕವರ್ ಯಾವ ಬಣ್ಣದ್ದಿರಲಿ ಅಂತ ಓದುಗರನ್ನು ಕೇಳಬೇಡಿ

ಸಂಗೀತದ ಮ್ಯಾಗಜೀನ್ ಮಾಡಹೊರಟ ವಿದ್ಯಾರ್ಥಿಗಳು ಸಲಹೆ ಕೇಳಲು ಬರುವಾಗ ಒಂದು ಫೈಲ್ ತರುತ್ತಾರೆ. ಮೊದಲ ಹಾಳೆಯಲ್ಲೇ ಪೈ ಚಾರ್ಟ್. ‘ನಿಮಗೆ ಇಷ್ಟವಾದ ಬಣ್ಣ ಯಾವುದು?’ ಕೆಂಪಿಗೆ ಜಾಸ್ತಿ ಓಟು ಬಿದ್ದಿದೆ, ಹಾಗಾಗಿ ಕವರ್ ಕೆಂಪು. ‘ಯಾವ ಸಂಗೀತ ಇಷ್ಟ?’ ಅರ್ಧಕ್ಕಿಂತ ಜಾಸ್ತಿ ಮಂದಿ ಪಾಪ್ ಅಂದಿದ್ದಾರೆ, ಹಾಗಾಗಿ ಒಳಗೆಲ್ಲ ಪಾಪ್. ‘ಇಂಥ ಮ್ಯಾಗಜೀನ್ ಬಂದರೆ ಓದುತ್ತೀರಾ?’ ಹೆಚ್ಚುಕಡಿಮೆ ಎಲ್ಲರೂ ಹೌದು ಅಂದಿದ್ದಾರೆ. ಸಂಶೋಧನೆ ಮುಗಿಯಿತು, ಇನ್ನು ಲೇಔಟ್ ಶುರು ಮಾಡೋಣ ಅನ್ನುವ ಉತ್ಸಾಹ ಎಲ್ಲರ ಮುಖದಲ್ಲಿ.

ಆ ಉತ್ಸಾಹ ನನಗೆ ನಿಜಕ್ಕೂ ಇಷ್ಟ. ಆದರೆ ಆ ಚಾರ್ಟುಗಳಿಂದ ಒಂದೇ ಒಂದು ಪುಟ ಕಟ್ಟಲೂ ಆಗುವುದಿಲ್ಲ. ತಂಡ ಬದಲಾಗುತ್ತದೆ, ಚಾರ್ಟ್ ಬದಲಾಗುವುದಿಲ್ಲ. ಹೇಳಿ ಹೇಳಿ ಸಾಕಾಗಿ ಈ ಸಲ ಬರೆಯುತ್ತಿದ್ದೇನೆ.

ಗ್ರಿಡ್, ಫಾಂಟ್, ಬಣ್ಣದ ಪ್ರೊಫೈಲ್ ಇವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬ್ಲೀಡ್ (ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಪುಟದಾಚೆಗೂ ಚಾಚುವ ಚಿತ್ರದ ಭಾಗ) 3 ಮಿ.ಮೀ., ಫೋಟೋ ಇಂಚಿಗೆ 300 ಚುಕ್ಕಿ (ಡಿಪಿಐ), ನಡುವೆ ಪಿನ್ ಹೊಡೆಯುವುದಾದರೆ ಪುಟಗಳು 4ರ ಮಗ್ಗಿಯಲ್ಲಿ. ಇದರಲ್ಲಿ ಎಡವಿದರೆ ಪ್ರೆಸ್‌ನವರೇ ಫೋನ್ ಮಾಡಿ ತಿದ್ದಿಸುತ್ತಾರೆ. ಪ್ರಶ್ನೆಯಲ್ಲಿ ಎಡವಿದರೆ ತಿದ್ದುವವರು ಯಾರೂ ಇರುವುದಿಲ್ಲ. ಮ್ಯಾಗಜೀನ್ ಚೆನ್ನಾಗಿಯೇ ಅಚ್ಚಾಗುತ್ತದೆ. ಬಂಡಲ್ ಕಟ್ಟಿದ್ದು ಕಟ್ಟಿದ ಹಾಗೇ ಯಾವುದೋ ಬೀರುವಿನ ಮೇಲೆ ಕೂರುತ್ತದೆ.

ನಾನು ಪದೇ ಪದೇ ಹೇಳುವುದು ಇಷ್ಟೇ. ಜನ ತಾವು ಏನು ಮಾಡಿದೆವು ಅನ್ನುವುದನ್ನು ಸಾಕಷ್ಟು ಸರಿಯಾಗಿ ಹೇಳಬಲ್ಲರು. ಮುಂದೆ ಏನು ಮಾಡುತ್ತೇವೆ ಅನ್ನುವುದನ್ನು ಹೇಳಲಾರರು. ‘ನಮ್ಮ ಮ್ಯಾಗಜೀನ್ ಓದುತ್ತೀಯಾ?’ ಅಂತ ಕೇಳುವವರು ಯಾರು? ಅದೇ ಕ್ಲಾಸಿನ ಗೆಳೆಯರು. ಎದುರಿಗೆ ಆಸೆಗಣ್ಣಿಂದ ನಿಂತಿದ್ದಾರೆ. ‘ಹ್ಞೂಂ, ಖಂಡಿತ ಓದ್ತೀನಿ’ ಅನ್ನದೆ ಇನ್ನೇನು ಅನ್ನಲು ಸಾಧ್ಯ? ಅದು ಸ್ನೇಹಕ್ಕೆ ಕೊಟ್ಟ ಉತ್ತರ. ಅದನ್ನು ನಂಬಿ ಎಷ್ಟು ಪ್ರತಿ ಅಚ್ಚು ಹಾಕಿಸಬೇಕು ಅಂತ ಲೆಕ್ಕ ಹಾಕಬಾರದು.

ಬಣ್ಣದ ಪ್ರಶ್ನೆಯೂ ಹಾಗೇ. ಕೆಂಪು ಇಷ್ಟ ಅಂದವರ ತಲೆಯಲ್ಲಿ ಇದ್ದದ್ದು ಬಟ್ಟೆಯೋ ಬೈಕೋ ನಮಗೆ ಗೊತ್ತಿಲ್ಲ. ಕವರಿನ ಬಣ್ಣ ನಿರ್ಧಾರವಾಗುವುದು ಆ ಸಂಚಿಕೆಯ ಫೋಟೋದಿಂದ, ಶೀರ್ಷಿಕೆ ಅದರ ಮೇಲೆ ಎದ್ದು ಕಾಣುತ್ತದೋ ಇಲ್ಲವೋ ಅನ್ನುವುದರಿಂದ, ಅಕ್ಕಪಕ್ಕ ಯಾವ ಕಾಗದಗಳು ಬಿದ್ದಿರುತ್ತವೆ ಅನ್ನುವುದರಿಂದ. ಅದು ಡಿಸೈನರ್ ಕೆಲಸ. ಅದನ್ನು ಓದುಗರ ತಲೆಗೆ ಕಟ್ಟುವುದು ನ್ಯಾಯವಲ್ಲ, ಅಲ್ವಾ?

ಹಾಗಾದರೆ ಏನು ಕೇಳಬೇಕು? ನಡೆದುಹೋದದ್ದನ್ನು ಕೇಳಿ. ಕಳೆದ ವಾರ ಮೊದಲ ಸಲ ಕೇಳಿದ ಒಂದು ಹಾಡು ಹೇಳಿ. ಅದು ನಿಮಗೆ ಹೇಗೆ ಸಿಕ್ಕಿತು? ಯಾರಾದರೂ ಕಳಿಸಿದರಾ? ಆಗ ಎಲ್ಲಿದ್ದಿರಿ? ಪೂರ್ತಿ ಕೇಳಿದಿರಾ? ಕೇಳಿದ ಮೇಲೆ ಏನು ಮಾಡಿದಿರಿ? ಯಾರಿಗಾದರೂ ಕಳಿಸಿದಿರಾ, ಹಾಡಿದವರು ಯಾರು ಅಂತ ಹುಡುಕಿದಿರಾ, ಅಥವಾ ಸುಮ್ನೆ ಬಿಟ್ಟಿರಾ? ಸಂಗೀತದ ಬಗ್ಗೆ ಕೊನೆಯದಾಗಿ ಓದಿದ್ದು ಏನು? ಕಾಗದದ ಮೇಲೋ, ಫೋನಿನಲ್ಲೋ? ಎಲ್ಲಿಗೆ ನಿಲ್ಲಿಸಿದಿರಿ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ‘ಎರಡನೇ ಪ್ಯಾರಾಕ್ಕೆ ಬಿಟ್ಟೆ’ ಅಂದವರ ಹತ್ತಿರ ಹತ್ತು ನಿಮಿಷ ಜಾಸ್ತಿ ಕೂತುಕೊಳ್ಳಿ.

ಇದು ನನ್ನ ಹೊಸ ಶೋಧವೇನಲ್ಲ. 1952ರ ನವೆಂಬರ್‌ನಲ್ಲಿ ಬ್ರಿಟನ್ನಿನ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆ, ರೆಕಾರ್ಡ್ ಮಾರಾಟ ಆಧರಿಸಿದ ಆ ದೇಶದ ಮೊದಲ ಚಾರ್ಟ್, ಅಂದರೆ ಜನಪ್ರಿಯ ಹಾಡುಗಳ ಪಟ್ಟಿ, ಪ್ರಕಟಿಸಿತು. ಆಗ ಪತ್ರಿಕೆಗೆ ಒಂದು ವರ್ಷವೂ ತುಂಬಿರಲಿಲ್ಲ. ಅಲ್ಲಿನ ಪರ್ಸಿ ಡಿಕಿನ್ಸ್ ಮಾಡಿದ್ದು ಬಹಳ ಸರಳ ಕೆಲಸ. ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ನಿಮ್ಮಲ್ಲಿ ಜಾಸ್ತಿ ಮಾರಾಟವಾದ 10 ರೆಕಾರ್ಡ್ ಹೇಳಿ ಅಂತ ಕೇಳಿದರು. ಉತ್ತರಗಳನ್ನು ಕೂಡಿಸಿ ಟಾಪ್ 12 ಅಂತ ಅಚ್ಚು ಹಾಕಿದರು. ಕೆಲವು ಸ್ಥಾನಗಳಲ್ಲಿ ಸಮ ಬಂದು ಪಟ್ಟಿಯಲ್ಲಿ 15 ರೆಕಾರ್ಡ್ ಆದವು. ಮೊದಲ ಸ್ಥಾನದಲ್ಲಿ ಅಮೆರಿಕದ ಗಾಯಕ ಆಲ್ ಮಾರ್ಟಿನೊ ಇದ್ದರು. ಯಾವ ಹಾಡು ಇಷ್ಟ ಅನ್ನುವುದು ಡಿಕಿನ್ಸ್ ಅವರ ಪ್ರಶ್ನೆಯಾಗಿರಲಿಲ್ಲ. ಯಾವುದಕ್ಕೆ ಜನ ಕಾಸು ಬಿಚ್ಚಿದರು ಅನ್ನುವುದು ಪ್ರಶ್ನೆಯಾಗಿತ್ತು. ಕಂಪ್ಯೂಟರ್ ಇಲ್ಲ, ಫಾರ್ಮ್ ಇಲ್ಲ, ಒಂದು ಫೋನು ಮತ್ತು ಒಂದು ಸರಿಯಾದ ಪ್ರಶ್ನೆ.

ಅದೇ ದೇಶದಲ್ಲಿ 1978ರಲ್ಲಿ ಶುರುವಾದ ಸ್ಮ್ಯಾಶ್ ಹಿಟ್ಸ್ ಅನ್ನುವ ಪಾಪ್ ಸಂಗೀತದ ಪತ್ರಿಕೆ ಇನ್ನೊಂದು ದಾರಿ ಹಿಡಿಯಿತು. ಆ ಹೊತ್ತಿನ ಹಿಟ್ ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಿತು. ಹದಿಹರೆಯದವರು ಹಾಡಿನ ಜೊತೆ ಏನು ಮಾಡುತ್ತಾರೆ? ಹಾಡಿಕೊಳ್ಳುತ್ತಾರೆ. ಹಾಡಿಕೊಳ್ಳಲು ಪದ ಬೇಕು. ಪತ್ರಿಕೆ ನಿಂತದ್ದು 2006ರಲ್ಲಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಾಡಿನ ಸಾಹಿತ್ಯಕ್ಕೆ ಕಾಪಿರೈಟ್ ಇರುತ್ತದೆ. ವಿದ್ಯಾರ್ಥಿಗಳ ಮ್ಯಾಗಜೀನ್ ತಾನೇ, ಯಾರು ಕೇಳುತ್ತಾರೆ ಅಂದುಕೊಂಡು ಅನುಮತಿ ಇಲ್ಲದೆ ಹಾಕಬೇಡಿ. ಕಲಾವಿದರ ಫೋಟೋಗಳಿಗೂ ಇದೇ ಮಾತು.

ಇನ್ನು ಯಾರನ್ನು ಕೇಳಬೇಕು ಅನ್ನುವ ವಿಷಯ. ‘ನಮ್ಮ ಓದುಗರು 16ರಿಂದ 24 ವಯಸ್ಸಿನ ಸಂಗೀತ ಪ್ರೇಮಿಗಳು’ ಅಂತ ಫೈಲಿನಲ್ಲಿ ಬರೆದಿರುತ್ತದೆ. ಇದರಿಂದ ಯಾರೂ ಕಣ್ಣ ಮುಂದೆ ಬರುವುದಿಲ್ಲ. 19 ವರ್ಷದ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬಳು ದಿನಾ ಪಿಟೀಲು ಅಭ್ಯಾಸ ಮಾಡುತ್ತಾಳೆ. ಇನ್ನೊಬ್ಬ ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅರ್ಧರ್ಧ ಹಾಡು ಕೇಳುತ್ತಾನೆ. ವಯಸ್ಸು ಒಂದೇ, ಇಬ್ಬರೂ ಸಂಗೀತ ಪ್ರೇಮಿಗಳೇ. ಇಬ್ಬರಿಗೂ ಒಂದೇ ಪುಟ ಬರೆಯಲು ಸಾಧ್ಯವಾ?

ಸರ್ವೆಯ ಲಿಂಕ್ ಕಳಿಸಿದ್ದೆವು, ತುಂಬಾ ಉತ್ತರ ಬಂತು ಅನ್ನುವ ತಂಡಗಳಿಗೆ ನಾನು ಲಿಟರರಿ ಡೈಜೆಸ್ಟ್ ಕಥೆ ಹೇಳುತ್ತೇನೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಈ ವಾರಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಮಂದಿ ತುಂಬಿ ವಾಪಸ್ ಕಳಿಸಿದರು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ಚುನಾವಣೆಯಲ್ಲಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆ ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ ತೆಗೆದುಕೊಂಡಿತ್ತು. ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು? ಜೊತೆಗೆ, ಕಾಗದ ತುಂಬಿ ಅಂಚೆಗೆ ಹಾಕುವಷ್ಟು ಆಸಕ್ತಿ ಇದ್ದವರ ಮಾತು ಮಾತ್ರ ಲೆಕ್ಕಕ್ಕೆ ಬಂತು. 1938ರಲ್ಲಿ ಪತ್ರಿಕೆಯೇ ನಿಂತುಹೋಯಿತು. ನಿಮ್ಮ ಗೆಳೆಯರ ಗುಂಪಿಗೆ ಕಳಿಸಿದ ಲಿಂಕಿನಲ್ಲೂ ಇದೇ ಆಗುತ್ತದೆ. ನಿಮ್ಮಂಥವರೇ ತುಂಬುತ್ತಾರೆ, ನಿಮ್ಮ ಅಭಿರುಚಿಯೇ ಚಾರ್ಟಾಗಿ ವಾಪಸ್ ಬರುತ್ತದೆ.

ಅದಕ್ಕೇ ಮೊದಲು ಎದುರಾಬದುರು ಕೂತು ಮಾತಾಡಿ. ಹಾಡುವವರು, ನುಡಿಸುವವರು, ಬರೀ ಕೇಳುವವರು, ಸಂಗೀತದ ಕಡೆ ತಲೆಯೇ ಹಾಕದವರು, ಎಲ್ಲ ಬಗೆಯವರೂ ಇರಲಿ. ಎಷ್ಟು ಮಂದಿ ಅಂತ ಪ್ರತಿಯೊಂದು ತಂಡವೂ ಕೇಳುತ್ತದೆ. ಇದಕ್ಕೆ ಎಲ್ಲ ಕಡೆ ಹೊಂದುವ ಒಂದು ಸಂಖ್ಯೆ ಇಲ್ಲ. ಮಾತಾಡುತ್ತಾ ಹೋದಂತೆ ಹೊಸ ವಿಷಯ ಬರುವುದು ಕಡಿಮೆಯಾಗುತ್ತದೆ. ಮೂರ್ನಾಲ್ಕು ಜನ ಸಾಲಾಗಿ ಹಳೆಯದನ್ನೇ ಹೇಳಿದರೆ ಆ ಬಗೆಯವರ ಮಟ್ಟಿಗೆ ಸಾಕು. ಸರ್ವೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಾತುಕತೆಯಲ್ಲಿ ಏನು ಸಿಕ್ಕಿತೋ ಅದು ಎಷ್ಟು ಮಂದಿಯ ಅನುಭವ ಅಂತ ಎಣಿಸಲು ಆಮೇಲೆ ಸರ್ವೆ ಮಾಡಿ. ಏನನ್ನು ಎಣಿಸಬೇಕು ಅನ್ನುವುದೇ ಗೊತ್ತಿಲ್ಲದಾಗ ಎಣಿಸಿ ಏನು ಉಪಯೋಗ?

ಒಂದು ತಂಡದ ಕಥೆ ಹೇಳುತ್ತೇನೆ. ಅವರ ಯೋಜನೆ 24 ಪುಟದ ಎ4 ಮ್ಯಾಗಜೀನ್. ದೊಡ್ಡ ಕಲಾವಿದರ ಬಗ್ಗೆ ಲೇಖನಗಳು, ಮತ್ತೆ ರಾಶಿ ರಾಶಿ ಆಲ್ಬಂ ವಿಮರ್ಶೆ. ಪ್ರಾಕ್ಟೀಸ್ ರೂಮಿನಲ್ಲಿ ನುಡಿಸುವ ಹುಡುಗ ಹುಡುಗಿಯರ ಹತ್ತಿರ ಹೋಗಿ ಕೂತುಕೊಳ್ಳಿ ಅಂತ ಕಳಿಸಿದೆ. ವಾಪಸ್ ಬಂದಾಗ ಮುಖಗಳು ಬಾಡಿದ್ದವು. ವಿಮರ್ಶೆಯನ್ನು ಯಾರೂ ಓದುತ್ತಿರಲಿಲ್ಲ. ‘ಹಾಡೇ ಫೋನಲ್ಲಿ ಸಿಗುತ್ತಲ್ಲಾ, ಅದರ ಬಗ್ಗೆ ಯಾಕೆ ಓದ್ಲಿ?’ ಅಂದಿದ್ದಳಂತೆ ಒಬ್ಬ ಡ್ರಮ್ಮರ್. ಅವರು ನಿಜವಾಗಿ ಹುಡುಕುತ್ತಿದ್ದದ್ದು ಬೇರೆ. ಬೇಸ್ ಗಿಟಾರ್ ನುಡಿಸುವವರು ಯಾರಿದ್ದಾರೆ? ಹಿಂದಿನ ಬ್ಯಾಚಿನವರು ರೂಮಿನಲ್ಲೇ ಅಷ್ಟು ಚೆನ್ನಾಗಿ ರೆಕಾರ್ಡ್ ಮಾಡಿದ್ದು ಹೇಗೆ? ಆ ಹಾಡಿನ ನೊಟೇಶನ್ ಯಾರ ಹತ್ತಿರ ಇದೆ?

ಇಲ್ಲಿಂದ ಮುಂದಿನದ್ದೇ ನಿಜವಾದ ವಿನ್ಯಾಸ. ಒಂದು ಹಾಳೆಯ ನಡುವೆ ಗೆರೆ ಎಳೆಸಿದೆ. ಎಡಗಡೆ ಕೇಳಿಸಿಕೊಂಡದ್ದು, ಬಲಗಡೆ ಅದರಿಂದ ಬದಲಾಗುವ ಪುಟ. ಎಡಗಡೆ ಬರೆದದ್ದಕ್ಕೆ ಬಲಗಡೆ ಏನೂ ಇಲ್ಲದಿದ್ದರೆ ಅದು ಬರೀ ಮಾಹಿತಿ, ಹೊಡೆದುಹಾಕಿ. ಬಲಗಡೆ ಇರುವ ಪುಟಕ್ಕೆ ಎಡಗಡೆ ಏನೂ ಇಲ್ಲದಿದ್ದರೆ ಆ ಪುಟ ಯಾರಿಗಾಗಿ ಅಂತ ಕೇಳಿಕೊಳ್ಳಿ.

‘ನುಡಿಸುತ್ತಾ ನೊಟೇಶನ್ ನೋಡುತ್ತೇವೆ’ ಅನ್ನುವ ಒಂದೇ ಮಾತು ಏನೇನು ಬದಲಾಯಿಸಿತು ನೋಡಿ. ಎರಡೂ ಕೈ ವಾದ್ಯದ ಮೇಲಿರುತ್ತದೆ, ಪುಟ ತಿರುಗಿಸಲು ಆಗುವುದಿಲ್ಲ. ಆದ್ದರಿಂದ ಇಡೀ ಹಾಡು ಎದುರುಬದುರಿನ ಎರಡು ಪುಟಗಳಲ್ಲಿ ಮುಗಿಯಬೇಕು. ಪಿನ್ ಹೊಡೆದ ಪುಸ್ತಕದಲ್ಲಿ ಸಮನಾಗಿ ತೆರೆದು ಕೂರುವುದು ನಟ್ಟನಡುವಿನ ಪುಟಗಳು, ಆದ್ದರಿಂದ ಹಾಡಿನ ಜಾಗ ಅಲ್ಲೇ. ಸ್ಟ್ಯಾಂಡ್ ಮೇಲಿಟ್ಟು ದೂರದಿಂದ ಓದಬೇಕು, ಆದ್ದರಿಂದ ಅಕ್ಷರ ಉಳಿದ ಪುಟಗಳಿಗಿಂತ ದೊಡ್ಡದು. ಪ್ರಾಕ್ಟೀಸ್ ರೂಮಿನಲ್ಲಿ ಬೆಳಕು ಕಮ್ಮಿ, ಆದ್ದರಿಂದ ಕಪ್ಪು ಫೋಟೋ ಮೇಲೆ ಬಿಳಿ ಅಕ್ಷರ ಬೇಡ. ಅದರ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಆದ್ದರಿಂದ ಒಳಗೆ ಹೊಳಪಿಲ್ಲದ ಕಾಗದ, ಅಗಲವಾದ ಮಾರ್ಜಿನ್. ಹಾಡು ಅಲ್ಲಿನ ವಿದ್ಯಾರ್ಥಿಗಳೇ ಕಟ್ಟಿದ್ದು, ಅವರ ಅನುಮತಿ ಪಡೆದು ಹಾಕಿದರು. ಕೊನೆಗೆ 24 ಪುಟ 16ಕ್ಕೆ ಇಳಿಯಿತು. ಹಿಂಬದಿಯ ಕವರ್ ಮೇಲೆ ‘ಜೊತೆಗೆ ನುಡಿಸುವವರು ಬೇಕು’ ಅನ್ನುವ ಸಣ್ಣ ಸಣ್ಣ ಪ್ರಕಟಣೆಗಳು. ಫೋನಿನಲ್ಲಿ ಫೋಟೋ ಹೊಡೆದುಕೊಂಡರೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ.

ವಿಮರ್ಶೆಗಳನ್ನೆಲ್ಲ ಆಗಲೇ ಬರೆದಿಟ್ಟಿದ್ದ ಹುಡುಗ ಮುಖ ಸಣ್ಣ ಮಾಡಿಕೊಂಡ. ಅವನ ಬೇಜಾರು ನ್ಯಾಯವಾದದ್ದೇ. ಅವನಿಗೆ ಒಂದು ಪುಟ ಬಿಡಿಸಿ ಅಂತ ನಾನೇ ಹಟ ಹಿಡಿದೆ. ಓದುಗರು ತಮಗೆ ಗೊತ್ತಿರುವುದನ್ನು ಮಾತ್ರ ಹೇಳಬಲ್ಲರು. ಯಾರೂ ಕೇಳಿರದ ಒಂದು ಹಾಡನ್ನು ಅವರ ಮುಂದಿಡಲು ಅಂಥ ಹುಚ್ಚು ಹಿಡಿದವನೇ ಬೇಕು. ಮಾತುಕತೆಯಲ್ಲಿ ಸಿಕ್ಕಿದ್ದಕ್ಕೆ ಹೊಂದುವ ಪುಟಗಳೇ ತುಂಬಿದ ಮ್ಯಾಗಜೀನ್ ಉಪಯೋಗಕ್ಕೆ ಬರುತ್ತದೆ, ಆದರೆ ಯಾರನ್ನೂ ಹೊಸ ಕಡೆಗೆ ಕರೆದುಕೊಂಡು ಹೋಗುವುದಿಲ್ಲ. ಎಷ್ಟು ಪುಟ ಹೀಗೆ, ಎಷ್ಟು ಹಾಗೆ ಅನ್ನುವುದು ಸಂಪಾದಕರ ತೀರ್ಮಾನ, ಅದಕ್ಕೆ ನಾನು ಸೂತ್ರ ಕೊಡಲಾರೆ. ಆ ಹುಡುಗ ಉದ್ದುದ್ದ ವಿಮರ್ಶೆಗಳನ್ನೆಲ್ಲ ಬಿಟ್ಟು ಒಂದೇ ಹಾಡಿನ ಬಗ್ಗೆ, ಅದರ ಯಾವ ನಿಮಿಷದಲ್ಲಿ ಕಿವಿಗೊಟ್ಟು ಕೇಳಬೇಕು ಅಂತ ಬರೆದ. ನನ್ನ ಮಟ್ಟಿಗೆ ಆ ಸಂಚಿಕೆಯ ಒಳ್ಳೆಯ ಪುಟ ಅದೇ.

ಡಮ್ಮಿ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ತಯಾರಾದ ಮೇಲೆ ‘ಹೇಗಿದೆ?’ ಅಂತ ಕೇಳಬೇಡಿ. ಚೆನ್ನಾಗಿದೆ ಅನ್ನುತ್ತಾರೆ, ಮತ್ತೆ ಅದೇ ಸ್ನೇಹದ ಉತ್ತರ. ಸಾದಾ ಪ್ರಿಂಟರ್‌ನಲ್ಲಿ ತೆಗೆದು, ಮಡಚಿ, ಪಿನ್ ಹೊಡೆದು ಕೈಗೆ ಕೊಡಿ. ಆಮೇಲೆ ಬಾಯಿ ಮುಚ್ಚಿಕೊಂಡು ಅವರ ಕೈ ನೋಡಿ. ಮುಂದಿನಿಂದ ತೆರೆದರಾ, ಹಿಂದಿನಿಂದಲಾ? ಎಲ್ಲಿ ನಿಂತರು? ಯಾವ ಪುಟಗಳನ್ನು ಒಟ್ಟಿಗೆ ಹಾರಿಸಿದರು? ಕವರನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ, ಇದು ಯಾವುದರ ಬಗ್ಗೆ ಇತ್ತು ಅಂತ ಕೇಳಿ. ಅದೇ ಕವರನ್ನು ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ತೋರಿಸಿ, ಹೆಸರು ಓದಲು ಬರುತ್ತದಾ ಕೇಳಿ. ಮಧ್ಯೆ ಬಾಯಿ ಹಾಕಿ ‘ಅದು ಯಾಕೆ ಹಾಗಿದೆ ಅಂದ್ರೆ...’ ಅಂತ ವಿವರಿಸಲು ಹೋಗಬೇಡಿ. ಅಚ್ಚಾದ ಪ್ರತಿಯ ಪಕ್ಕ ನಿಂತು ವಿವರಿಸಲು ನೀವು ಇರುವುದಿಲ್ಲ.

ಮಾತುಕತೆಗೆ ಕೂರುವ ಮುಂಚೆ ಯಾಕೆ ಕೇಳುತ್ತಿದ್ದೀರಿ ಅಂತ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಿ. ಸಣ್ಣ ವಯಸ್ಸಿನವರಾದರೆ ಮನೆಯವರ ಒಪ್ಪಿಗೆಯೂ ಬೇಕಾಗಬಹುದು, ನಿಮ್ಮ ಸಂಸ್ಥೆಯ ನಿಯಮ ವಿಚಾರಿಸಿ. ಟಿಪ್ಪಣಿಯಲ್ಲಿ ಹೆಸರಿನ ಬದಲು ಒಂದು ಅಂಕಿ ಹಾಕಿಕೊಳ್ಳಿ. ರೆಕಾರ್ಡ್ ಮಾಡಿದ್ದರೆ, ಟಿಪ್ಪಣಿ ಮುಗಿದ ಮೇಲೆ ಅಳಿಸಿಬಿಡಿ. ಗೆರೆ ಎಳೆದ ಆ ಹಾಳೆಯನ್ನು ಮಾತ್ರ ಜೋಪಾನವಾಗಿಟ್ಟು, ಮುಂದಿನ ವರ್ಷ ಮ್ಯಾಗಜೀನ್ ವಹಿಸಿಕೊಳ್ಳುವ ತಂಡಕ್ಕೆ ಪೈ ಚಾರ್ಟ್ ಫೈಲಿನ ಬದಲು ಅದನ್ನು ಕೊಡಿ.