ಬೈದರೆ ಕೆಲಸ ಆಗುತ್ತದೆ ಎಂಬ ನಂಬಿಕೆಯ ಲೆಕ್ಕ

ಮುಂಬೈಯಲ್ಲಿ ನಾಲ್ಕು ಜನರಿಂದ ಕೆಲಸ ಮಾಡಿಸುವವರ ಹತ್ತಿರ ಕೂತು ಮಾತಾಡಿದರೆ ಒಂದು ಮಾತು ಬಂದೇ ಬರುತ್ತದೆ. "ಬೈಯದಿದ್ದರೆ ಇಲ್ಲಿ ಕೆಲಸ ನಡೆಯೋದಿಲ್ಲ ಮಾರಾಯ್ರೆ." ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂತವರು ಹೇಳುವುದೂ ಇದನ್ನೇ, ಅಂಧೇರಿಯ ಏಸಿ ಆಫೀಸಿನ ಮ್ಯಾನೇಜರು ಹೇಳುವುದೂ ಇದನ್ನೇ. ಬಾಯಿಗೆ ಬಂದದ್ದು ಹೇಳುವುದಲ್ಲ, ಇಪ್ಪತ್ತು ಮೂವತ್ತು ವರ್ಷದ ಅನುಭವದಿಂದ ಹೇಳುತ್ತಾರೆ. "ಹೊಗಳಿ ನೋಡಿದ್ದೇನೆ, ಮರುದಿನವೇ ಕೆಲಸ ಹಾಳು. ಬೈದು ನೋಡಿದ್ದೇನೆ, ಮರುದಿನವೇ ಸರಿ."

ಈ ಅನುಭವ ಸುಳ್ಳಲ್ಲ. ಅವರು ಕಣ್ಣಾರೆ ಹಾಗೇ ಕಂಡಿದ್ದಾರೆ. ಆದರೆ ಕಂಡದ್ದಕ್ಕೆ ಕೊಟ್ಟ ಕಾರಣ ತಪ್ಪು. ಎಲ್ಲಿ ತಪ್ಪಿತು ಅನ್ನುವುದು ಲೆಕ್ಕಶಾಸ್ತ್ರದ ಬಹಳ ಚಂದದ ವಿಚಾರ. ಅದು ಗೊತ್ತಿಲ್ಲದ್ದಕ್ಕೆ ಎಷ್ಟು ಜನ ದಿನಾ ಬೈಸಿಕೊಳ್ಳುತ್ತಿದ್ದಾರೆ ಅಂತ ನೆನೆದರೆ ಸಂಕಟವಾಗುತ್ತದೆ.

ಈ ಮಾತನ್ನು ಮೊದಲು ಹಿಡಿದು ಬಿಡಿಸಿದವರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 1960ರ ದಶಕದಲ್ಲಿ ಅವರು ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಕಲಿಸುತ್ತದೆ ಎಂದು ಹೇಳಿದಾಗ ಒಬ್ಬ ಹಿರಿಯ ತರಬೇತುದಾರ ಎದ್ದು ನಿಂತು ಒಪ್ಪಲಿಲ್ಲ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನಿಗೆ ಕೂಗಾಡಿದರೆ ಮುಂದಿನ ಸಲ ಸುಧಾರಿಸುತ್ತಾನೆ, ಇದು ನಾವು ಕಂಡ ಸತ್ಯ ಅಂದ. ನಮ್ಮ ಗಲ್ಲಾದ ಮಾತೇ, ಅಲ್ವಾ?

ಕಾನೆಮನ್ ವಾದ ಮಾಡಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದರು. ಪ್ರತಿಯೊಬ್ಬರೂ ಅದಕ್ಕೆ ಬೆನ್ನು ಹಾಕಿ ನಿಂತು ಎರಡು ಸಲ ನಾಣ್ಯ ಎಸೆಯಬೇಕು. ನೋಡುವಂತಿಲ್ಲ. ಮೊದಲ ಸಲ ಗುರುತಿನ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೇ ಸಲ ದೂರ ಹೋದರು. ದೂರ ಎಸೆದವರಲ್ಲಿ ಹೆಚ್ಚಿನವರು ಹತ್ತಿರ ಬಂದರು. ಯಾರೂ ಯಾರನ್ನೂ ಬೈದಿರಲಿಲ್ಲ.

ಮನೆಯಲ್ಲಿ ಲೂಡೋ ಇದ್ದರೆ ನೀವೇ ಮಾಡಿ ನೋಡಬಹುದು. ಎರಡು ದಾಳ ಒಟ್ಟಿಗೆ ಎಸೆಯಿರಿ. ಎರಡರ ಮೊತ್ತ 3 ಬಂತು ಅನ್ನಿ. ದಾಳಕ್ಕೆ ಚೆನ್ನಾಗಿ ಬೈಯಿರಿ. ಮತ್ತೆ ಎಸೆಯಿರಿ. 3ಕ್ಕಿಂತ ಜಾಸ್ತಿ ಬರುವ ಸಾಧ್ಯತೆ 36ರಲ್ಲಿ 33. ಬೈದದ್ದಕ್ಕೆ ಫಲ ಸಿಕ್ಕಿತು! ಈಗ 11 ಬಂದಾಗ ದಾಳವನ್ನು ಹೊಗಳಿ, ಮತ್ತೆ ಎಸೆಯಿರಿ. 11ಕ್ಕಿಂತ ಕಡಿಮೆ ಬರುವ ಸಾಧ್ಯತೆಯೂ 36ರಲ್ಲಿ 33. ಹೊಗಳಿದ ಕೂಡಲೇ ದಾಳ ಸೊಕ್ಕಿತು! ದಾಳಕ್ಕೆ ಕಿವಿ ಇಲ್ಲ. ಆದರೂ ನೀವು ಮೂವತ್ತು ವರ್ಷ ಹೀಗೇ ಎಸೆಯುತ್ತಾ ಹೋದರೆ ನಿಮ್ಮ ಅನುಭವ ಒಂದೇ ಪಾಠ ಹೇಳುತ್ತದೆ: ಬೈಗುಳ ಫಲ ಕೊಡುತ್ತದೆ, ಹೊಗಳಿಕೆ ಹಾಳು ಮಾಡುತ್ತದೆ.

ಇದಕ್ಕೆ ಸರಾಸರಿಯ ಕಡೆಗೆ ಮರಳುವುದು ಎನ್ನುತ್ತಾರೆ. ಎರಡು ದಾಳಗಳ ಸರಾಸರಿ 7. ಅಲ್ಲಿಂದ ಬಹಳ ದೂರ ಹೋದ ಎಸೆತದ ನಂತರ ಬರುವ ಎಸೆತ ಸಾಮಾನ್ಯವಾಗಿ 7ರ ಹತ್ತಿರವೇ ಇರುತ್ತದೆ. ಯಾವ ಶಕ್ತಿಯೂ ಅದನ್ನು ಎಳೆದು ತರುವುದಿಲ್ಲ. ಅತಿ ಕೆಟ್ಟದ್ದು ಮತ್ತು ಅತಿ ಒಳ್ಳೆಯದು ಎರಡೂ ಅಪರೂಪ, ಅಷ್ಟೇ. ಫ್ರಾನ್ಸಿಸ್ ಗಾಲ್ಟನ್ ಇದನ್ನು 1886ರಲ್ಲಿ ಮನುಷ್ಯರ ಎತ್ತರದಲ್ಲಿ ತೋರಿಸಿದರು. 205 ದಂಪತಿಗಳ 928 ಮಕ್ಕಳ ಎತ್ತರ ಲೆಕ್ಕ ಹಾಕಿದಾಗ, ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯಲ್ಲಿ ಅವರಿಗಿಂತ ಸ್ವಲ್ಪ ಗಿಡ್ಡ, ತುಂಬಾ ಗಿಡ್ಡವರ ಮಕ್ಕಳು ಅವರಿಗಿಂತ ಸ್ವಲ್ಪ ಎತ್ತರ. ಗಾಲ್ಟನ್‌ಗೇ ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ವರ್ಷಗಳು ಹಿಡಿದವು. ಹಾಗಿರುವಾಗ ಮಧ್ಯಾಹ್ನ ಒಂದು ಗಂಟೆಯ ಊಟದ ಗದ್ದಲದಲ್ಲಿ ಇದು ಯಾರಿಗೆ ಹೊಳೆಯಬೇಕು?

ಆ ಗದ್ದಲವನ್ನೇ ಹತ್ತಿರದಿಂದ ನೋಡೋಣ. ಸಪ್ಲೈಯರ್ ಹುಡುಗ ಕುಂದಾಪುರದ ಕಡೆಯವನು. ಒಂದು ಸೋಮವಾರ ಅವನಿಂದ ಐದು ತಪ್ಪಾಗುತ್ತವೆ. ಆರನೇ ಟೇಬಲ್ಲಿಗೆ ಸಾದಾ ದೋಸೆ ಬದಲು ಮಸಾಲೆ, ಪಾರ್ಸೆಲ್ಲಿನಲ್ಲಿ ಚಟ್ನಿ ಇಲ್ಲ, ಒಂದು ಬಿಲ್ಲು ಅದಲುಬದಲು. ಅವನ ಕೈ ಬಾಯಿ ಮಾತ್ರ ಇದಕ್ಕೆ ಕಾರಣವಲ್ಲ. ಹಿಂದ್‌ಮಾತಾದಲ್ಲಿ ಮಳೆನೀರು ನಿಂತು ಇಬ್ಬರು ಕೆಲಸಕ್ಕೆ ಬಂದಿಲ್ಲ. ಸೆಂಟ್ರಲ್ ಲೈನಿನ ಗಾಡಿ ತಡವಾಗಿ ಗಿರಾಕಿಗಳೆಲ್ಲ ಒಟ್ಟಿಗೆ ನುಗ್ಗಿದ್ದಾರೆ. ಒಳಗೆ ಭಟ್ಟರಿಗೆ ಮೈ ಸರಿಯಿಲ್ಲ. ಇವೆಲ್ಲ ಒಂದೇ ದಿನ ಕೂಡಿ ಬಂದವು. ಗಲ್ಲಾದಿಂದ ಗಿರಾಕಿಗಳ ಎದುರೇ ಬೈಗುಳ ಬಂತು. ಮಂಗಳವಾರ ಮಳೆ ಬಿಟ್ಟಿತು, ಗಾಡಿ ಸರಿಯಾಯಿತು, ಜನ ಬಂದರು. ಒಂದೇ ತಪ್ಪು. ಸೇಠರಿಗೆ ಕಂಡದ್ದು ಬೈಗುಳ ಮತ್ತು ಮಂಗಳವಾರ, ಅವೆರಡೇ.

ಜ್ವರ ಏರಿದಾಗ ತಾಯತ ಕಟ್ಟಿಸಿ, ಇಳಿದಾಗ ತಾಯತಕ್ಕೆ ಕೈ ಮುಗಿಯುವುದೂ ಇದೇ ತಪ್ಪು. ಜ್ವರ ತಾರಕಕ್ಕೆ ಏರಿದಾಗಲೇ ತಾಯತದ ನೆನಪಾಗುತ್ತದೆ, ಕೆಲಸ ತೀರಾ ಕೆಟ್ಟಾಗಲೇ ಬೈಗುಳ ಬರುತ್ತದೆ. ಎರಡರಲ್ಲೂ ನಂತರದ ದಿನ ಸಾಮಾನ್ಯವಾಗಿ ಉತ್ತಮವೇ ಇರುತ್ತದೆ. ತಾಯತವನ್ನು ಮೂಢನಂಬಿಕೆ ಎನ್ನುವ ಓದಿದ ಜನ ಬೈಗುಳವನ್ನು ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಒಂದು ವಿಷಯ ಸ್ಪಷ್ಟ ಮಾಡಬೇಕು. ಮೇಲಿನ ಲೆಕ್ಕದಿಂದ ಬೈಗುಳಕ್ಕೆ ಪರಿಣಾಮವೇ ಇಲ್ಲ ಎಂದಾಗುವುದಿಲ್ಲ. ಮರುದಿನದ ಸುಧಾರಣೆ ಅದಕ್ಕೆ ಸಾಕ್ಷಿ ಅಲ್ಲ ಎಂದಷ್ಟೇ ಆಗುತ್ತದೆ. ಬೈಗುಳ ನಿಜಕ್ಕೂ ಏನು ಮಾಡುತ್ತದೆ ಎಂದು ತಿಳಿಯಲು ಬೈಸಿಕೊಂಡವರನ್ನೂ ಬೈಸಿಕೊಳ್ಳದವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಾಗೆ ನೋಡಿದ್ದಾರೆ.

ಕ್ರಿಸ್ಟೀನ್ ಪೊರಾತ್ ಮತ್ತು ಅಮೀರ್ ಎರೆಜ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಹೀಗಿದೆ. ವಿದ್ಯಾರ್ಥಿಗಳ ಒಂದು ಗುಂಪಿನ ಎದುರು, ಪ್ರಯೋಗ ನಡೆಸುವವರು ಈ ಕಾಲೇಜಿನ ಹುಡುಗರೇ ಹೀಗೆ, ಬೇರೆ ಕಡೆಯವರು ಎಷ್ಟೋ ವಾಸಿ ಎಂಬರ್ಥದಲ್ಲಿ ಹೀಯಾಳಿಸಿದರು. ಆಮೇಲೆ ಅಕ್ಷರ ಜೋಡಿಸುವ ಒಗಟು ಕೊಟ್ಟರು. ಒಂದು ಇಟ್ಟಿಗೆಯನ್ನು ಏನೇನಕ್ಕೆ ಬಳಸಬಹುದು ಎಂದು ಕೇಳಿದರು. ಹೀಯಾಳಿಕೆ ಕೇಳಿದವರು ಒಗಟಿನಲ್ಲಿ ಶೇ. 33 ಹಿಂದೆ ಬಿದ್ದರು. ಹೊಸ ಐಡಿಯಾಗಳು ಶೇ. 39 ಕಡಿಮೆಯಾದವು. ಅವರೇ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬೇರೆಯವರಿಗೆ ಬೈದದ್ದನ್ನು ಸುಮ್ಮನೆ ನೋಡಿದವರಲ್ಲೂ ಕುಸಿತ ಕಂಡಿತು. ಅಂದರೆ ಸೋಮವಾರದ ಬೈಗುಳ ತಾಗಿದ್ದು ಆ ಒಬ್ಬ ಹುಡುಗನಿಗೆ ಮಾತ್ರವಲ್ಲ. ಪಕ್ಕದಲ್ಲಿ ಟೇಬಲ್ ಒರೆಸುತ್ತಿದ್ದವನಿಗೂ, ಕಿಟಕಿಯಿಂದ ಪ್ಲೇಟು ದಾಟಿಸುತ್ತಿದ್ದವನಿಗೂ ತಾಗಿತು.

ಕಾರಣ ಸರಳ. ನಮ್ಮ ತಲೆ ಒಂದು ಹೊತ್ತಿಗೆ ಹಿಡಿದಿಡುವ ವಿಷಯಗಳು ಕೆಲವೇ. ಆರನೇ ಟೇಬಲ್ಲಿಗೆ ಏನು, ಒಂಬತ್ತಕ್ಕೆ ಏನು, ಯಾರ ಬಿಲ್ಲು ಬಾಕಿ. "ಎಲ್ಲರೆದುರು ಹಾಗಂದರಲ್ಲ" ಎಂಬುದು ಅದರೊಳಗೆ ಬಂದು ಕೂತರೆ ಇನ್ನೊಂದು ಹೊರಗೆ ಬೀಳಲೇಬೇಕು.

ಇದಕ್ಕಿಂತ ಗಂಭೀರವಾದದ್ದು 2015ರ ಇಸ್ರೇಲಿನ ಅಧ್ಯಯನ. ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳು, ಪ್ರತಿ ತಂಡದಲ್ಲೂ ಡಾಕ್ಟರು ಮತ್ತು ನರ್ಸುಗಳು. ಬೊಂಬೆಯ ರೂಪದ ಅವಧಿಪೂರ್ವ ಮಗು ಏಕಾಏಕಿ ಕರುಳಿನ ತೊಂದರೆಯಿಂದ ಕುಸಿಯುತ್ತದೆ, ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡಬೇಕು. ಕೆಲವು ತಂಡಗಳಿಗೆ ಹೊರಗಿನ ಪರಿಣತನೊಬ್ಬ ನಿಮ್ಮ ದೇಶದ ವೈದ್ಯಕೀಯ ಮಟ್ಟ ಅಷ್ಟಕ್ಕಷ್ಟೇ ಎಂಬಂತೆ ಮಾತಾಡಿದ. ಅಷ್ಟೇ. ಕಿರುಚಲಿಲ್ಲ, ಹೆಸರು ಹಿಡಿದು ಬೈಯಲಿಲ್ಲ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು. ಅಲ್ಲಿ ಮುಖ್ಯವಾಗಿ ಕೆಟ್ಟದ್ದು ಎರಡು ಸಂಗತಿ: ತಮಗೆ ಗೊತ್ತಿದ್ದನ್ನು ಇನ್ನೊಬ್ಬರಿಗೆ ಹೇಳುವುದು, ಮತ್ತು ಸಹಾಯ ಕೇಳುವುದು. ಬಾಯಿ ಕಟ್ಟಿತು, ಕೈ ತಪ್ಪಿತು.

ಇನ್ನೂ ಒಂದು. ಟ್ರೆವರ್ ಫೋಕ್ ಮತ್ತು ಸಂಗಡಿಗರು 2016ರಲ್ಲಿ ಚೌಕಾಶಿ ಕಲಿಯುವ ವಿದ್ಯಾರ್ಥಿಗಳಲ್ಲಿ ಕಂಡದ್ದು: ಒರಟು ಜೊತೆಗಾರನೊಡನೆ ಚೌಕಾಶಿ ಮಾಡಿದವರು ಮುಂದಿನ ಜೊತೆಗಾರನ ಕಣ್ಣಿಗೆ ತಾವೇ ಒರಟರಾಗಿ ಕಂಡರು. ನಡುವೆ ದಿನಗಳು ಕಳೆದಿದ್ದರೂ. ಸೇಠರು ಸಪ್ಲೈಯರಿಗೆ, ಸಪ್ಲೈಯರ್ ಕ್ಲೀನರಿಗೆ, ಕ್ಲೀನರ್ ಹೊಸದಾಗಿ ಬಂದ ಹುಡುಗನಿಗೆ. ನೋಡಿದವರಿಗೆ ಗೊತ್ತು.

ಮುಂಬೈಗೆ ಈ ನಂಬಿಕೆ ಹೊಸದಲ್ಲ. ಗಿರಣಗಾಂವದ ಬಟ್ಟೆ ಗಿರಣಿಗಳಲ್ಲಿ ಜಾಬರ್ ಎಂಬವನಿದ್ದ. ಊರಿಂದ ಆಳು ತರುವವನು ಅವನೇ, ಕೆಲಸ ಕೊಡುವವನು, ಬಿಡಿಸುವವನು ಅವನೇ. ಕೆಲಸ ಉಳಿಯಬೇಕಾದರೆ ಅವನಿಗೆ ದಸ್ತೂರಿ, ಅಂದರೆ ಕಮಿಷನ್ ಕೊಡಬೇಕು. ಗದರದೆ ಮಗ್ಗ ಓಡುವುದಿಲ್ಲ ಎಂಬುದು ಅಲ್ಲಿಯ ಪದ್ಧತಿಯೇ ಆಗಿತ್ತು. ವಾರಕ್ಕೊಂದು ರಜೆಯನ್ನೂ ಹೋರಾಡಿ ಪಡೆಯಬೇಕಾಯಿತು. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹಟ ಹಿಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆ ಒಪ್ಪಿದರು. 1931ರಲ್ಲಿ ಬ್ರಿಟಿಷ್ ಸರ್ಕಾರದ ಕಾರ್ಮಿಕ ಆಯೋಗವೇ ಜಾಬರನ ಕೈಯಿಂದ ನೇಮಕದ ಅಧಿಕಾರ ತೆಗೆಯಿರಿ, ಅದಕ್ಕೆಂದೇ ಲೇಬರ್ ಆಫೀಸರನ್ನು ಇಡಿ ಎಂದು ಬರೆಯಿತು. ಗಿರಣಿಗಳಿದ್ದ ಪರೇಲಿನಲ್ಲಿ ಈಗ ಗಾಜಿನ ಆಫೀಸುಗಳಿವೆ. ಜಾಬರ್ ಹೋದ. ಅವನ ನಂಬಿಕೆ ಲಿಫ್ಟ್ ಹತ್ತಿ ಮೇಲೆ ಹೋಗಿದೆ.

ಹಾಗಾದರೆ ತಪ್ಪು ಮಾಡಿದವರಿಗೆ ಏನೂ ಹೇಳಬಾರದೇ? ಹೇಳಲೇಬೇಕು. ಯಾವ ಟೇಬಲ್ಲು, ಏನು ತಪ್ಪಾಯಿತು, ನಾಳೆ ಹೇಗೆ ಮಾಡುವುದು, ಇಷ್ಟನ್ನು ಗದ್ದಲ ಇಳಿದ ಮೇಲೆ ಪಕ್ಕಕ್ಕೆ ಕರೆದು, ಹೆಸರು ಹಿಡಿದು ಕರೆದು ಹೇಳಬೇಕು. ಅವನ ಊರು, ಓದು, ಅಪ್ಪ ಅಮ್ಮ ಅಲ್ಲಿ ಬರಬಾರದು. ಇದೇ ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ಎಷ್ಟೋ ಜನ ಇದ್ದಾರೆ. ಅವರಿಗೆ ಕೇಳಿ ಕಲಿಯುವುದಕ್ಕೆ ಒಂದು ಜಾಗ ಸಿಕ್ಕಿತ್ತು.

ದೊಡ್ಡ ಜಾಗಗಳಲ್ಲಿ ಉಪದೇಶದ ಬೋರ್ಡು ಹಾಕಿದರೆ ಸಾಲದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2005ರಲ್ಲಿ ಒಂದು ಕ್ರಮ ಶುರುವಾಯಿತು. ಒಂದೊಂದು ವಿಭಾಗದವರು ಆಗಾಗ ಒಟ್ಟಿಗೆ ಕೂತು, ತಮ್ಮಲ್ಲಿ ಗೌರವ ಅಂದರೆ ಏನೇನು ಮಾಡಬೇಕು, ಏನು ಮಾಡಬಾರದು ಎಂದು ತಾವೇ ತೀರ್ಮಾನಿಸುತ್ತಾರೆ. ಕೆನಡಾದ ಆಸ್ಪತ್ರೆಗಳಲ್ಲಿ ಇದನ್ನೇ ಆರು ತಿಂಗಳು ಮಾಡಿ, ಮಾಡದ ವಿಭಾಗಗಳ ಜೊತೆ ಹೋಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಡಿದ ಕಡೆ ನಡವಳಿಕೆ ಸುಧಾರಿಸಿತ್ತು, ರಜೆ ಹಾಕುವುದೂ ಕಡಿಮೆಯಾಗಿತ್ತು.

ಇದನ್ನು ನಂಬದವರಿಗೆ ನನ್ನದೊಂದು ಕೋರಿಕೆ. ಗಲ್ಲಾದಲ್ಲಿ ಒಂದು ಪುಸ್ತಕ ಇಡಿ. ದಿನಕ್ಕೆ ಎಷ್ಟು ತಪ್ಪು, ಹುಡುಗರು ತಾವಾಗಿ ಬಂದು ಎಷ್ಟು ಸಲ ಕೇಳಿದರು, ಎರಡನ್ನೂ ಬರೆಯಿರಿ. ಒಂದು ತಿಂಗಳು ಈಗಿನ ಹಾಗೇ ನಡೆಯಲಿ. ಇನ್ನೊಂದು ತಿಂಗಳು ಎಲ್ಲರೆದುರು ಬೈಯುವುದನ್ನು ಪೂರ್ತಿ ಬಿಡಿ. ನಿನ್ನೆ ಇವತ್ತು ಹೋಲಿಸಬೇಡಿ, ತಿಂಗಳ ಸರಾಸರಿ ನೋಡಿ. ಎರಡನೇ ತಿಂಗಳ ಶುರುವಿಗೆ ತಪ್ಪಿನ ಲೆಕ್ಕ ಜಾಸ್ತಿಯಾದರೂ ಗಾಬರಿಯಾಗಿ ಪುಸ್ತಕ ಮುಚ್ಚಬೇಡಿ. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ಕಂಡವು. ಕೆದಕಿ ನೋಡಿದರೆ ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅನ್ನುವುದಕ್ಕಿಂತ, ಆದ ತಪ್ಪನ್ನು ಹೆದರದೆ ಬಂದು ಹೇಳುತ್ತಿದ್ದರು.