ಪರ್ಕಷನ್ ಮಸಾಜ್: ಡಬ್ಬದ ಮೇಲಿನ ‘ಡೀಪ್’ ಎಷ್ಟು ಆಳ?

ಹೇರ್ ಡ್ರೈಯರ್ ಆಕಾರ, ಮೂತಿಗೆ ಸಿಕ್ಕಿಸಿದ ಫೋಮ್ ಚೆಂಡು, ಬಟನ್ ಒತ್ತಿದರೆ ಗುರ್ ಎನ್ನುವ ಮೋಟಾರು. ಜಿಮ್ಮು, ಫಿಸಿಯೋಥೆರಪಿ ಕ್ಲಿನಿಕ್ಕುಗಳಲ್ಲಿ ಕಾಣುತ್ತಿದ್ದ ಮಸಾಜ್ ಗನ್ ಈಗ ಮೈಸೂರಿನ ಎಷ್ಟೋ ಮನೆಗಳ ಟೀವಿ ಮುಂದೆ ಬಂದು ಕೂತಿದೆ. ತರಿಸಿದ್ದು ಮೊಮ್ಮಗ, ದಿನಾ ಬಳಸುವುದು ಅಜ್ಜಿ. ಡಬ್ಬದ ಮೇಲೆ ‘ಡೀಪ್ ಮಸಲ್’ ಅಂತಲೋ ‘ಡೀಪ್ ಟಿಶ್ಯೂ’ ಅಂತಲೋ ದಪ್ಪಕ್ಷರದಲ್ಲಿ ಇರುತ್ತದೆ. ಈ ಯಂತ್ರ ಮಾಡುವ ಕೆಲಸದ ಹೆಸರು ಪರ್ಕಷನ್ ಮಸಾಜ್. ಉಜ್ಜುವುದೂ ಇಲ್ಲ, ಹಿಸುಕುವುದೂ ಇಲ್ಲ. ಒಂದೇ ಜಾಗಕ್ಕೆ ಸಣ್ಣ ಸಣ್ಣ ಪೆಟ್ಟುಗಳನ್ನು ಬಹಳ ಬೇಗ ಬೇಗ ಕೊಡುತ್ತದೆ. ಹಳೆಯ ವೈಬ್ರೇಟರ್‌ಗಳು ಚರ್ಮವನ್ನು ಅದುರಿಸುತ್ತಿದ್ದವು ಅಷ್ಟೆ. ಇದರಲ್ಲಿ ಮೋಟಾರಿನ ತಿರುಗಾಟ ಒಂದು ಕ್ರ್ಯಾಂಕ್ ಮೂಲಕ ಹಿಂದೆ-ಮುಂದೆ ಓಡುವ ಚಲನೆಯಾಗಿ ಬದಲಾಗುತ್ತದೆ.

ಅಮೆರಿಕದ ಜೇಸನ್ ವರ್ಸ್‌ಲ್ಯಾಂಡ್ ಎಂಬ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವವರು) 2007ರಲ್ಲಿ ಬೈಕ್ ಅಪಘಾತದಲ್ಲಿ ಗಾಯಗೊಂಡ ಮೇಲೆ ತನ್ನ ನೋವಿಗೆಂದೇ ಇಂಥದ್ದೊಂದನ್ನು ಮಾಡಿಕೊಂಡರು. ಅದೇ ಮುಂದೆ ಥೆರಾಗನ್ ಆಗಿ ಮಾರುಕಟ್ಟೆಗೆ ಬಂತು. ಈಗ ಸಿಗುವ ಅಗ್ಗದ ಯಂತ್ರಗಳೆಲ್ಲ ಹೆಚ್ಚುಕಮ್ಮಿ ಅದರ ಜಾಡಿನವೇ.

ಕೊಳ್ಳುವಾಗ ಮೂರು ಅಂಕಿ ನೋಡಬೇಕು. ಮೊದಲನೆಯದು ಆಂಪ್ಲಿಟ್ಯೂಡ್, ಅಂದರೆ ಚೆಂಡು ಎಷ್ಟು ದೂರ ಹೋಗಿ ಬರುತ್ತದೆ ಎಂಬುದು. ಚಿಕ್ಕ ಮಾದರಿಗಳಲ್ಲಿ 6–8 ಮಿಲಿಮೀಟರ್, ದೊಡ್ಡವುಗಳಲ್ಲಿ 12ರಿಂದ 16. ‘ಡೀಪ್’ ಎನ್ನುವುದು ಬಹುಪಾಲು ಇದರ ಮೇಲೆ ನಿಂತಿದೆ. ಆದರೆ 16 ಎಂದ ಮಾತ್ರಕ್ಕೆ ಪೆಟ್ಟು ಮೈಯೊಳಗೆ ಅಷ್ಟೇ ಇಳಿಯುತ್ತದೆ ಅಂತಲ್ಲ. ಚರ್ಮ, ಕೊಬ್ಬು, ನೀವು ಒತ್ತುವ ಭಾರ ಎಲ್ಲ ಸೇರಿ ಅದು ತೀರ್ಮಾನವಾಗುತ್ತದೆ. ಎರಡನೆಯದು ವೇಗ: ಸಾಮಾನ್ಯವಾಗಿ ನಿಮಿಷಕ್ಕೆ 1200ರಿಂದ 3200 ಪೆಟ್ಟು. ಕಡಿಮೆ ವೇಗದಲ್ಲೇ ಸೆಕೆಂಡಿಗೆ 20 ಪೆಟ್ಟು ಬೀಳುತ್ತದೆ ಎಂದಾಯಿತು. ಮೂರನೆಯದು ಸ್ಟಾಲ್ ಫೋರ್ಸ್: ಎಷ್ಟು ಭಾರ ಹಾಕಿ ಒತ್ತಿದರೆ ಮೋಟಾರು ನಿಂತುಬಿಡುತ್ತದೆ ಎನ್ನುವ ಲೆಕ್ಕ. ಇದು ಹೆಚ್ಚಿದ್ದಷ್ಟೂ ಮಾಲು ಗಟ್ಟಿ ಅಂತ ಅಂಗಡಿಯವರು ಹೇಳುತ್ತಾರೆ. ಮನೆ ಬಳಕೆಗೆ ನನಗನ್ನಿಸುವುದು ಅದರ ಉಲ್ಟಾ. ಜೋರಾಗಿ ಒತ್ತಿದೊಡನೆ ನಿಲ್ಲುವ ಯಂತ್ರ ಕೈಮೀರುವುದನ್ನು ತಾನೇ ತಡೆಯುತ್ತದೆ. ಹೊಸಬರಿಗೆ ಅದೇ ಮೇಲು.

ದಸರೆಯಲ್ಲಿ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಳಿಯುವ ಪೈಲ್ವಾನರಿಗೆ ಗರಡಿಯಲ್ಲಿ ಮಾಲೀಸು ಮಾಡುವವರು ಬಳಸುವುದೂ ಬಲವನ್ನೇ, ಅದೂ ಈ ಯಂತ್ರಕ್ಕಿಂತ ಹೆಚ್ಚು. ಆದರೆ ಹೆಬ್ಬೆರಳು ಇಳಿಯುವಾಗ ಅಡಿಯಲ್ಲಿ ಇರುವುದು ಮಾಂಸವೋ ಮೂಳೆಯೋ, ಬಿಗಿ ಸಡಿಲುತ್ತಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿರುತ್ತದೆ. ಯಂತ್ರಕ್ಕೆ ಆ ಅರಿವಿಲ್ಲ. ತೊಡೆಗೆ ಕೊಟ್ಟ ಪೆಟ್ಟನ್ನೇ ಕತ್ತಿನ ರಕ್ತನಾಳಕ್ಕೂ ಕೊಡುತ್ತದೆ. ಹಾಗಾಗಿ ನಿಯಮ ಒಂದೇ: ಬೆರಳು ಮೊದಲು, ಯಂತ್ರ ಆಮೇಲೆ. ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ, ದಪ್ಪಗೆ ಮಾಂಸ ಸಿಕ್ಕರೆ ಸರಿ. ಮೂಳೆ ತಾಗಿದರೆ, ನಾಡಿ ಬಡಿದರೆ, ಮುಟ್ಟಿದ್ದೇ ಗೊತ್ತಾಗದಿದ್ದರೆ ಅಲ್ಲಿ ಬೇಡ.

ಮುಂಗತ್ತು, ಕತ್ತಿನ ಪಕ್ಕಗಳು, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಮೊಣಕೈ ಒಳಭಾಗ, ಇಲ್ಲೆಲ್ಲ ದೊಡ್ಡ ರಕ್ತನಾಳಗಳೂ ನರಗಳೂ ಚರ್ಮಕ್ಕೆ ಹತ್ತಿರದಲ್ಲೇ ಹಾದುಹೋಗುತ್ತವೆ. ಬೆನ್ನುಮೂಳೆಯ ಮೇಲೆ, ಪಕ್ಕೆಲುಬಿನ ಮೇಲೆ, ಹೊಟ್ಟೆಯ ಮೇಲೆ, ಹಿಂದುಗಡೆ ಪಕ್ಕೆಲುಬು ಮುಗಿಯುವಲ್ಲಿ ಮೂತ್ರಪಿಂಡ ಇರುವ ಕಡೆ ಸಹ ಬೇಡ. ಕತ್ತಿನ ವಿಷಯದಲ್ಲಂತೂ ನಾನು ಹಟಮಾರಿ. ಯಂತ್ರವನ್ನು ಪದೇಪದೇ ಕತ್ತಿಗೆ ಹಿಡಿದ ಮೇಲೆ ಮೆದುಳಿಗೆ ಹೋಗುವ ರಕ್ತನಾಳದ ಒಳಗೋಡೆ ಸೀಳಿದ ಪ್ರಕರಣ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಅಪರೂಪವೇ, ಆದರೆ ಕತ್ತುನೋವಿಗೆ ಬೇರೆ ದಾರಿಗಳಿವೆಯಲ್ಲ. ಭುಜದ ಮೇಲಿನ ದಪ್ಪ ಮಾಂಸದವರೆಗೆ ಬಂದು ನಿಲ್ಲಿಸಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿದವರಿಗೆ ಮಾರನೇ ದಿನ ತೊಡೆ, ಮೀನಖಂಡ ಹಿಡಿದುಕೊಳ್ಳುವುದು ಗೊತ್ತು. ಹತ್ತಿದ್ದಕ್ಕಿಂತ ಇಳಿದದ್ದರ ಫಲ ಅದು: ಇಳಿಯುವಾಗ ಸ್ನಾಯು ಬಿಗಿಯಾಗಿರುತ್ತಲೇ ಉದ್ದವಾಗಬೇಕು, ಆಗ ಅದರ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ನೋವು 24ರಿಂದ 72 ಗಂಟೆಯೊಳಗೆ ಏರಿ, ತಾನಾಗಿ ಇಳಿಯುತ್ತದೆ. ‘ಲ್ಯಾಕ್ಟಿಕ್ ಆ್ಯಸಿಡ್ ಹೊರಹಾಕುತ್ತದೆ’ ಎಂಬ ಜಾಹೀರಾತು ಸುಳ್ಳು, ಸ್ನಾಯು ದುಡಿಯುವಾಗ ಉಂಟಾಗುವ ಆ ಆಮ್ಲ ದಣಿವಾರಿಸಿಕೊಳ್ಳುವ ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ಯಂತ್ರ ನಿಜಕ್ಕೂ ಮಾಡುವುದು ನೋವಿನ ಅನುಭವವನ್ನು ಸ್ವಲ್ಪ ಹೊತ್ತು ತಗ್ಗಿಸುವುದು. ಸ್ಪರ್ಶ, ಕಂಪನದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡಬರುತ್ತವೆ ಎಂಬ ‘ಗೇಟ್ ಕಂಟ್ರೋಲ್’ ವಾದವನ್ನು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಮುಂದಿಟ್ಟಿದ್ದರು. ಆಸ್ಟ್ರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 16 ಜನರ ಮೀನಖಂಡಕ್ಕೆ ಐದು ನಿಮಿಷ ಯಂತ್ರ ಹಿಡಿದಾಗ ಪಾದ ಸುಮಾರು ಐದು ಡಿಗ್ರಿ ಹೆಚ್ಚು ಬಾಗಿತು. ಬಲ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಉಪಯೋಗ ಇಷ್ಟೇ, ಆದರೆ ಇಷ್ಟು ಇದೆ.

ಬಳಸುವ ಕ್ರಮ ಸುಲಭ. ಅತಿ ಕಡಿಮೆ ವೇಗ, ದುಂಡನೆಯ ಫೋಮ್ ಚೆಂಡು, ತೆಳು ಬಟ್ಟೆಯ ಮೇಲೆ. ಒತ್ತಬೇಡಿ, ಯಂತ್ರದ ತೂಕವೇ ಸಾಕು. ನಿಧಾನಕ್ಕೆ ಸರಿಸುತ್ತಾ ಹೋಗಿ. ಒಂದು ಸ್ನಾಯುವಿಗೆ ಒಂದೆರಡು ನಿಮಿಷ. ಅಭ್ಯಂಜನದ ಎಣ್ಣೆ ಮೈಯಲ್ಲಿದ್ದಾಗ ಬೇಡ: ಯಂತ್ರ ಜಾರುತ್ತದೆ, ಎಣ್ಣೆ ಹೀರಿದ ಫೋಮ್ ಕೆಡುತ್ತದೆ. ಮಂಡ್ಯ ಕಡೆ ಗದ್ದೆ ನಾಟಿಯಿಂದಲೋ ಕಬ್ಬು ಕಡಿದೋ ಬಂದವರು ಸೊಂಟ ತೋರಿಸಿ, “ಇಲ್ಲೇ ಕಣ್ ಮಗ, ಇನ್ನೊಸಿ ಜೋರಾಗ್ ಒತ್ತು” ಎಂದರೆ ಮಗ ಒತ್ತಿಯೇಬಿಡುತ್ತಾನೆ. ಬೆನ್ನುಮೂಳೆಯ ಎರಡೂ ಪಕ್ಕದ ಮಾಂಸಕ್ಕೆ ಹಗುರಾಗಿ ಹಿಡಿಯಬಹುದು. ನೋವು ಕಾಲಿಗಿಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಯಂತ್ರ ಬದಿಗಿಟ್ಟು ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ಒಂದು ವಿಷಯ ಮಾತ್ರ ಮರೆಯುವಂತಿಲ್ಲ. ದೂರದ ಬಸ್ ಪ್ರಯಾಣ, ಆಪರೇಷನ್ ಅಥವಾ ಬಹಳ ದಿನ ಮಲಗಿದ್ದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇರಬಹುದು. ಅಲ್ಲಿ ಯಂತ್ರ ಹಿಡಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಕೈಯಲ್ಲೂ ನೀವಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರು, ಮೂಳೆ ಸವೆದವರು, ವೆರಿಕೋಸ್ ವೇನ್ ಇರುವವರು, ಗರ್ಭಿಣಿಯರು, ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮೇಲೆ ಹೇಳಿದ ಅಜ್ಜಿ ಈ ಪಟ್ಟಿಯಲ್ಲಿ ಎರಡು ಮೂರು ಕಡೆ ಸಿಕ್ಕಿಕೊಂಡರೂ ಆಶ್ಚರ್ಯವಿಲ್ಲ. ಹೊಸ ಉಳುಕು, ಊತ, ಕಂದಿದ ಜಾಗಕ್ಕೂ ಬೇಡ. ಅತಿಯಾಗಿ ಬಳಸಿ ಸ್ನಾಯುವೇ ಒಡೆದು ರಕ್ತಕ್ಕೆ ಸೇರಿದ ಪ್ರಕರಣವೂ ದಾಖಲಾಗಿದೆ. ಮೈ ವಿಪರೀತ ನೋಯುತ್ತಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು.

ಇನ್ನು ಯಂತ್ರದ ಬಗ್ಗೆ: ಒಳಗಿರುವುದು ಲಿಥಿಯಂ ಬ್ಯಾಟರಿ. ಜೊತೆಗೆ ಬಂದ ಚಾರ್ಜರನ್ನೇ ಬಳಸಿ, ಹಾಸಿಗೆಯ ಮೇಲೆ ಚಾರ್ಜಿಗಿಟ್ಟು ಮಲಗಬೇಡಿ. ಹಿಡಿ ಉಬ್ಬಿದಂತೆ ಕಂಡರೆ ಅಥವಾ ಸುಟ್ಟ ವಾಸನೆ ಬಂದರೆ ಮತ್ತೆ ಚಾರ್ಜ್ ಮಾಡದೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.