ಉಂಡದ್ದು ಮೈಗೆ ಹತ್ತದ ಮಕ್ಕಳು

"ಎಷ್ಟು ತಿನ್ನಿಸಿದ್ರೂ ಮೈಗೆ ಹತ್ತಲ್ಲ, ಯಾರದ್ದೋ ದೃಷ್ಟಿ ತಾಗಿರಬೇಕು." ಈ ಮಾತಿನ ಮೊದಲರ್ಧ ನಿಜವೇ ಇರಬಹುದು. ತೊಂದರೆ ಇರುವುದು ಎರಡನೆಯ ಅರ್ಧದಲ್ಲಿ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಘಾಟು ಬರುತ್ತದೆ, ಮಗುವಿನ ತೂಕ ಏರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಹದಿಹರೆಯದಲ್ಲೇ ಬಸಿರು, ತಾಯಿಗೆ ರಕ್ತಹೀನತೆ, ಹುಟ್ಟುವಾಗಲೇ ಕಡಿಮೆ ತೂಕ, ಕೂಸು ನಡೆಯುವ ಮೊದಲೇ ಇನ್ನೊಂದು ಕೂಸು, ಅಮ್ಮ ಕೂಲಿಯಿಂದ ಬರುವವರೆಗೂ ಅಕ್ಕ ಕುಡಿಸುವ ನೀರು ಗಂಜಿ. ಇವೆಲ್ಲ ಗೊತ್ತಿರುವ ಕಾರಣಗಳೇ. ಜಾಸ್ತಿ ಜನ ಗಮನಿಸದ್ದು ಕರುಳನ್ನು.

ಸಣ್ಣ ಕರುಳಿನ ಒಳಗೋಡೆ ನುಣ್ಣಗಿರುವುದಿಲ್ಲ. ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಅದರ ತುಂಬ ಪುಟ್ಟ ಕುಚ್ಚುಗಳಿವೆ. ಹೆಸರು ವಿಲ್ಲೈ. ಒಂದೊಂದೂ ಹೆಚ್ಚೆಂದರೆ ಒಂದು ಮಿಲಿಮೀಟರ್ ಉದ್ದ. ಅನ್ನದ ಸಾರವನ್ನೆಲ್ಲ ಹೀರಿಕೊಳ್ಳುವುದು ಇವೇ. ಅಂಬೆಗಾಲಿಡುವ ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ಅಲ್ವಾ? ಸುತ್ತಮುತ್ತ ಮಲ ಬಿದ್ದಿರುವ ಜಾಗದಲ್ಲಾದರೆ ರೋಗಾಣುಗಳು ದಿನವೂ ಒಳಗೆ ಹೋಗುತ್ತವೆ. ಭೇದಿ ಆಗಲೇಬೇಕೆಂದಿಲ್ಲ. ಒಳಗೋಡೆ ಸದಾ ಉರಿಯೂತದಲ್ಲಿದ್ದು ಕುಚ್ಚುಗಳು ಮೊಂಡಾಗುತ್ತವೆ. ಎಳೆ ಸವೆದ ಟವೆಲ್ಲಿನಲ್ಲಿ ಮೈ ಒರೆಸಿಕೊಂಡರೆ ನೀರು ಅಲ್ಲೇ ಉಳಿಯುತ್ತದಲ್ಲ, ಇಲ್ಲೂ ಹಾಗೇ. ಸಾಲದ್ದಕ್ಕೆ ಗೋಡೆ ಸೋರತೊಡಗುತ್ತದೆ. ರೋಗಾಣುಗಳ ಚೂರುಗಳು ರಕ್ತ ಸೇರುತ್ತವೆ, ದೇಹ ಅವುಗಳ ಜೊತೆ ಕಾದಾಡುತ್ತದೆ. ಆ ಕಾದಾಟಕ್ಕೂ ಶಕ್ತಿ ಬೇಕು. ಮೂಳೆ ಉದ್ದವಾಗಲು ಬೇಕಾದ ಹಾರ್ಮೋನುಗಳೂ ತಗ್ಗುತ್ತವೆ.

"ನಮ್ಮ ಜನರ ಮೈಕಟ್ಟೇ ಸಣ್ಣದು ಬಿಡಿ" ಅನ್ನುವವರಿಗೆ ಒಂದು ಹಳೆಯ ಕಥೆ. 1960ರ ದಶಕದಲ್ಲಿ ಅಮೆರಿಕದ ಪೀಸ್ ಕೋರ್ ಎಂಬ ಸರ್ಕಾರಿ ಸಂಸ್ಥೆಯ ಸ್ವಯಂಸೇವಕರು ಪಾಕಿಸ್ತಾನಕ್ಕೆ ಬಂದಿದ್ದರು. ಅಲ್ಲಿನದೇ ನೀರು, ಅಲ್ಲಿನದೇ ಊಟ. ಪರೀಕ್ಷಿಸಿ ನೋಡಿದರೆ ಅವರಲ್ಲಿ ಎಷ್ಟೋ ಜನರ ಕರುಳಿನ ಕುಚ್ಚುಗಳೂ ಮೊಂಡಾಗಿದ್ದವು! ಊರಿಗೆ ಮರಳಿದ ಮೇಲೆ ಸರಿಹೋದವು. ನ್ಯೂಯಾರ್ಕಿನಲ್ಲಿ ನೆಲೆಸಿದ ಭಾರತೀಯರ, ಪಾಕಿಸ್ತಾನಿಗಳ ಕರುಳೂ ಸುಧಾರಿಸಿತು, ಆದರೆ ಅದಕ್ಕೆ ವರ್ಷಗಳೇ ಹಿಡಿದವು. ಕರುಳು ಜಾತಿ, ದೇಶ ನೋಡಲಿಲ್ಲ. ಜಾಗ ನೋಡಿತು.

ಹಾಗಾದರೆ ಶೌಚಾಲಯ ಕಟ್ಟಿಸಿದರೆ ಆಯ್ತು ಅನ್ನಿಸಬಹುದು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಮನೆಗಳಲ್ಲಿ ಇದನ್ನೇ ಮಾಡಿ ನೋಡಿದರು. 2018–19ರಲ್ಲಿ ಬಂದ ಫಲಿತಾಂಶ ನಿರಾಸೆ ತಂದಿತು. ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಕೊಟ್ಟರೂ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟಲ್ಲಿ ಚೂರು ಹೆಚ್ಚಿತು. ಜಿಂಬಾಬ್ವೆಯಲ್ಲಿ ಅದಕ್ಕೂ ಮೊದಲೇ ಸಂಶೋಧಕರು ಗಂಟೆಗಟ್ಟಲೆ ಕೂತು ಕೂಸುಗಳನ್ನು ಗಮನಿಸಿದ್ದರು. ಅಂಗಳದ ಮಣ್ಣು ಬಾಯಿಗೆ ಹೋಗುತ್ತಿತ್ತು, ಕೋಳಿ ಹಿಕ್ಕೆಯೂ ಹೋಗುತ್ತಿತ್ತು. ಕೋಳಿಗೆ ಯಾರು ಶೌಚಾಲಯ ಕಟ್ಟಿಸುತ್ತಾರೆ? ಮಣ್ಣಿನ ನೆಲ, ಸಾಕಾಗದ ನೀರು ಹಾಗೇ ಇದ್ದಾಗ ಒಂದು ಶೌಚದ ಗುಂಡಿಯಿಂದ ಹೆಚ್ಚೇನೂ ಆಗುವುದಿಲ್ಲ.

ಅಷ್ಟರಲ್ಲಿ ಮನೆಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತಲೇ ಇದೆ. ಭೇದಿ ಶುರುವಾದ ತಕ್ಷಣ "ಹೊಟ್ಟೆಗೆ ರೆಸ್ಟ್ ಕೊಡಿ" ಅಂತ ಊಟ ನಿಲ್ಲಿಸುತ್ತಾರೆ. ಸವೆದ ಕರುಳು ರಿಪೇರಿಯಾಗಲು ಬೇಕಾದದ್ದೇ ಊಟ. ಒಆರ್‌ಎಸ್ ಕುಡಿಸುತ್ತ, ವೈದ್ಯರು ಹೇಳಿದಂತೆ ಜಿಂಕ್ ಕೊಡುತ್ತ, ಎದೆಹಾಲನ್ನೂ ಊಟವನ್ನೂ ಮುಂದುವರಿಸಬೇಕು. ವಾಸಿಯಾದ ಮೇಲೂ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಬೇಕು. ಗಂಜಿಯಾದರೂ ಗಟ್ಟಿಯಾಗಿರಲಿ, ಮೇಲೊಂದು ಚಮಚ ಎಣ್ಣೆ ಬೀಳಲಿ.